ಕಾಮಿಕ್ಸ್ ನಾಯಕಿಯನ್ನು ತೆರೆಗೆ ತರುವಾಗ ಚಿತ್ರದ ಹೋಲಿಕೆ ಎಷ್ಟು ಮುಖ್ಯ?

ಪ್ರಶ್ನೆ: ಬಸವನಗುಡಿಯ ಚಿತ್ರಕಾರ

ನಾವು ಮೂವರು ಗೆಳೆಯರು ಸೇರಿ ರಚಿಸಿದ ಕಾಮಿಕ್ಸ್ ಕಥೆಯೊಂದನ್ನು ಕಿರುಚಿತ್ರವಾಗಿಸುವ ಕೆಲಸಕ್ಕೆ ಕೈಹಾಕಿದ್ದೇವೆ. ನಾಯಕಿ ಬೆಂಗಳೂರಿನ ಸಿಟಿ ಬಸ್ಸಿನ ನಿರ್ವಾಹಕಿ. ಚಲಿಸುತ್ತಿರುವ ವಸ್ತುವಿನ ವೇಗವನ್ನು ತನ್ನ ಮೈಯೊಳಗೆ ಎಳೆದುಕೊಂಡು, ಬೇಕೆಂದಾಗ ಹೊರಗೆ ಬಿಡುವುದು ಅವಳ ಶಕ್ತಿ. ಪುಟಗಳಲ್ಲಿ ನಾನು ಅವಳನ್ನು ಸುಮಾರು ಆರಡಿ ಎತ್ತರದ, ಅಗಲ ಭುಜಗಳ, ಕಪ್ಪು ಮೈಬಣ್ಣದ ಹೆಣ್ಣಾಗಿ ಚಿತ್ರಿಸಿದ್ದೇನೆ.

ಪಾತ್ರಕ್ಕೆ ಕೊನೆಗೆ ಇಬ್ಬರು ಉಳಿದಿದ್ದಾರೆ. ಒಬ್ಬರು ರೂಪದರ್ಶಿ. ಎತ್ತರ, ಮೈಕಟ್ಟು ಎರಡೂ ನನ್ನ ಪುಟದಿಂದಲೇ ಎದ್ದು ಬಂದಂತಿವೆ, ಆದರೆ ಮೈಬಣ್ಣ ಬಿಳುಪು, ಕನ್ನಡವೂ ಬಾರದು, ಬೇರೆಯವರಿಂದ ದನಿ ಕೊಡಿಸಬೇಕಾಗುತ್ತದೆ. ಇನ್ನೊಬ್ಬರು ರಂಗಭೂಮಿಯವರು. ಬಣ್ಣದಲ್ಲಿ ನನ್ನ ನಾಯಕಿಯಂತೆಯೇ ಇದ್ದಾರೆ, ಎತ್ತರ ಮಾತ್ರ ಐದಡಿಯ ಮೇಲೆ ಒಂದೆರಡು ಅಂಗುಲ. ಆದರೆ ಅವರು ‘ಒಳಗೆ ಹೋಗಿ, ಒಳಗೆ ಹೋಗಿ’ ಎಂದು ಒಮ್ಮೆ ದನಿ ಎತ್ತಿದರೆ ಕೋಣೆಯಲ್ಲಿದ್ದವರೆಲ್ಲ ತಾವಾಗಿಯೇ ಸರಿದು ನಿಲ್ಲುತ್ತಾರೆ. ಹೋಲಿಕೆ ಕೆಟ್ಟರೆ ಕಾಮಿಕ್ಸ್ ಓದಿದವರು ಒಪ್ಪುವುದಿಲ್ಲ ಎಂದು ಗೆಳೆಯರಲ್ಲೊಬ್ಬನ ಹಟ. ದೊಡ್ಡ ಚಿತ್ರಗಳಲ್ಲಿ ಈ ತೂಗಾಟವನ್ನು ಹೇಗೆ ನಿಭಾಯಿಸಿದ್ದಾರೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮಲ್ಲೇಶ್ವರದ ಓದುಗ

ಹೋಲಿಕೆ ಎಂದಾಗ ಮೊದಲು ಕೇಳಬೇಕಾದದ್ದು, ಯಾವ ಚಿತ್ರಕಾರನ ಚಿತ್ರಕ್ಕೆ ಹೋಲಿಕೆ ಎಂದು. ಅಮೆರಿಕದ ಕಾಮಿಕ್ಸ್ ನಾಯಕಿ ವಂಡರ್ ವುಮನ್ 1941ರಲ್ಲಿ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಅವರ ಕಥೆಯಲ್ಲಿ, ಎಚ್. ಜಿ. ಪೀಟರ್ ಅವರ ಗೆರೆಯಲ್ಲಿ ಹುಟ್ಟಿದವಳು. ಆ ಮೇಲಿನ ದಶಕಗಳಲ್ಲಿ ಅವಳನ್ನು ಬರೆದ ಕೈಗಳು ಹಲವು. ಒಬ್ಬರ ಕೈಯಲ್ಲಿ ತೆಳ್ಳಗಾದಳು, ಇನ್ನೊಬ್ಬರ ಕೈಯಲ್ಲಿ ಮಲ್ಲಳಾದಳು. ತೆರೆಯ ಮೇಲೆ ಆ ಪಾತ್ರಕ್ಕೆ ನಟಿ ಗಾಲ್ ಗಡೋಟ್ ಹೆಸರು ಪ್ರಕಟವಾದಾಗ ಆಕೆ ತೀರ ಸಣಕಲು ಎಂಬ ಗದ್ದಲ ಎದ್ದಿತು. 2017ರಲ್ಲಿ ಪ್ಯಾಟಿ ಜೆಂಕಿನ್ಸ್ ನಿರ್ದೇಶನದ ಚಿತ್ರ ಬಂದಾಗ ಆ ಮಾತು ಬಹುಮಟ್ಟಿಗೆ ತಣ್ಣಗಾಯಿತು. ಅದಕ್ಕೆ ಕಾರಣ ನಟಿಯೊಬ್ಬಳ ಮೈಕಟ್ಟಿನಲ್ಲಿ ಮಾತ್ರ ಇರಲಿಲ್ಲ, ಅವಳ ಸುತ್ತ ಕಟ್ಟಿದ ಲೋಕದಲ್ಲಿತ್ತು. ನಾಯಕಿ ಬೆಳೆದ ದ್ವೀಪದ ಯೋಧೆಯರ ಪಾತ್ರಗಳಿಗೆ ಬಾಕ್ಸರ್ ಆ್ಯನ್ ವುಲ್ಫ್, ಕ್ರಾಸ್‌ಫಿಟ್ ಎಂಬ ಕಸರತ್ತಿನ ಸ್ಪರ್ಧಿ ಬ್ರೂಕ್ ಎನ್ಸ್ ಅವರಂತಹ ನಿಜವಾದ ಕ್ರೀಡಾಪಟುಗಳನ್ನು ತಂದರು. ಗಡೋಟ್ ಅವರ ಇಂಗ್ಲಿಷಿನಲ್ಲಿರುವ ಇಸ್ರೇಲಿ ಛಾಯೆಯನ್ನು ತಿದ್ದುವ ಬದಲು, ತಾಯಿಯ ಪಾತ್ರದ ಕಾನಿ ನೀಲ್ಸನ್ ಸೇರಿದಂತೆ ದ್ವೀಪದವರೆಲ್ಲರೂ ಅದೇ ಛಾಯೆಯಲ್ಲಿ ಮಾತನಾಡುವಂತೆ ಮಾಡಿದರು. ನಟಿಯನ್ನು ಊರಿಗೆ ಒಗ್ಗಿಸುವ ಬದಲು ಊರನ್ನೇ ನಟಿಗೆ ಒಗ್ಗಿಸಿದ ಈ ಜಾಣತನವನ್ನು ನಾನು ಬಹಳ ಮೆಚ್ಚುತ್ತೇನೆ.

ಆ ಚಿತ್ರದ ಕಂದಕದ ದೃಶ್ಯವನ್ನು ಒಮ್ಮೆ ನಿಧಾನವಾಗಿ ನೋಡಿ. ಕಾಮಿಕ್ಸ್‌ನ ಎರಡನೆಯ ಮಹಾಯುದ್ಧದ ಬದಲು ಮೊದಲನೆಯದನ್ನು ಆರಿಸಿಕೊಂಡದ್ದರಿಂದಲೇ ಕಂದಕ ದೊರಕಿದೆ. ಅವಳು ಏಣಿ ಹತ್ತುವಾಗ ನಮಗೆ ಬಿಡಿಬಿಡಿಯಾಗಿ ಕಾಣುವುದು ಪಾದ, ಗುರಾಣಿ, ಕೈಬಳೆ. ಮೊದಲ ಗುಂಡನ್ನು ಬಳೆಯಿಂದ ತಟ್ಟಿ ಹಾರಿಸುತ್ತಾಳೆ, ಆಮೇಲೆ ಮಷಿನ್‌ಗನ್ನಿನ ಗುಂಡುಗಳೆಲ್ಲ ಗುರಾಣಿಯ ಮೇಲೆ ಸುರಿಯತೊಡಗಿದಾಗ ಮೊಣಕಾಲು ಮಡಿಸಿ ಅದರ ಹಿಂದೆ ಕುಗ್ಗುತ್ತಾಳೆ. ಶತ್ರುವಿನ ಗುಂಡೆಲ್ಲ ಅವಳೊಬ್ಬಳ ಕಡೆಗೇ ತಿರುಗಿದೆ ಎಂಬುದನ್ನು ಕಂಡು ಉಳಿದವರು ಮುನ್ನುಗ್ಗುತ್ತಾರೆ. ಅಲ್ಲಿ ಕೆಲಸ ಮಾಡುವುದು ಎತ್ತರವಲ್ಲ, ಭಾರವನ್ನು ತಡೆದು ನಿಂತ ಭಂಗಿ. ವೇಗವನ್ನು ಮೈಗೆ ಎಳೆದುಕೊಳ್ಳುವ ನಿಮ್ಮ ನಿರ್ವಾಹಕಿಗೂ ಬೇಕಾದದ್ದು ಇದೇ ಅಲ್ಲವೇ?

ಮುಖಕ್ಕಿಂತ ಹೆಚ್ಚಾಗಿ ನೀವು ಕಾಪಾಡಬೇಕಾದದ್ದು ಶಕ್ತಿಯ ಮೂಲವನ್ನು. ಕ್ಯಾಪ್ಟನ್ ಮಾರ್ವೆಲ್ ಎನಿಸಿಕೊಂಡ ಕ್ಯಾರಲ್ ಡ್ಯಾನ್ವರ್ಸ್‌ಳ ಹಳೆಯ ಕಾಮಿಕ್ಸ್‌ನಲ್ಲಿ ಯಂತ್ರವೊಂದು ಸ್ಫೋಟಿಸುವಾಗ ಮಾರ್-ವೆಲ್ ಎಂಬ ವೀರ ಅವಳನ್ನು ರಕ್ಷಿಸುತ್ತಾನೆ, ಶಕ್ತಿ ಬರುವುದು ಆ ಆಕಸ್ಮಿಕದಿಂದ. 2019ರ ‘ಕ್ಯಾಪ್ಟನ್ ಮಾರ್ವೆಲ್’ ಚಿತ್ರದಲ್ಲಾದರೋ ಎಂಜಿನ್ನಿಗೆ ಗುಂಡಿಟ್ಟು ಆ ಸ್ಫೋಟದಿಂದ ಶಕ್ತಿ ಪಡೆಯುವವಳು ಅವಳೇ, ಮಾರ್-ವೆಲ್ ಕೂಡ ಹೆಣ್ಣೇ. ಇದು ಮೂಲಕ್ಕೆ ನಿಷ್ಠವಾಗಿಲ್ಲ, ಆದರೆ ಮೂಲಕ್ಕಿಂತ ಉತ್ತಮವಾಗಿದೆ. 2004ರ ‘ಕ್ಯಾಟ್‌ವುಮನ್’ ಇದಕ್ಕೆ ತಿರುಗಾಮುರುಗಾ. ಕಾಮಿಕ್ಸ್‌ನಲ್ಲಿದ್ದ ಸೆಲಿನಾ ಕೈಲ್ ಎಂಬ ಹೆಸರನ್ನೂ ಗಾಥಮ್ ನಗರವನ್ನೂ ಬಿಟ್ಟು, ಸೌಂದರ್ಯವರ್ಧಕ ಕಂಪನಿಯಲ್ಲಿ ದುಡಿಯುವ ಹೊಸ ಹೆಣ್ಣೊಬ್ಬಳಿಗೆ ಬೆಕ್ಕಿನ ಮುಖವಾಡ ತೊಡಿಸಿದರು. ಆ ಪಾತ್ರ ಮಾಡಿದ ಹ್ಯಾಲಿ ಬೆರಿ ಆ ಹೊತ್ತಿಗಾಗಲೇ ಆಸ್ಕರ್ ಗೆದ್ದ ನಟಿ. ಬೇರು ಕಿತ್ತ ಪಾತ್ರವನ್ನು ಎಂಥ ನಟಿ ತಾನೇ ಹೊತ್ತು ನಿಂತಾಳು?

ಉತ್ತರ: ರಾಜಾಜಿನಗರದಿಂದ, ವಸ್ತ್ರವಿನ್ಯಾಸದ ಕೆಲಸದಲ್ಲಿರುವವಳು

ಮೇಲಿನ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಹೋಲಿಕೆಯನ್ನೆಲ್ಲ ಒಂದೇ ಗಂಟಿಗೆ ಕಟ್ಟಿ ಆಚೆ ಇಡುವುದು ಸರಿಯಲ್ಲ. ಎತ್ತರ ಚಿತ್ರಕಾರನ ಅತಿಶಯೋಕ್ತಿ. ಕ್ಯಾಮೆರಾವನ್ನು ಕೆಳಗಿಟ್ಟರೆ, ಬೂಟಿನ ಅಟ್ಟೆ ದಪ್ಪ ಮಾಡಿದರೆ, ಎದುರಿಗೆ ನಿಲ್ಲುವವರನ್ನು ನೋಡಿ ಆರಿಸಿದರೆ ಅದು ಸಿಕ್ಕಿಬಿಡುತ್ತದೆ. ಮೈಬಣ್ಣ ಹಾಗಲ್ಲ. ಎಕ್ಸ್-ಮೆನ್ ಕಥೆಗಳ ಸ್ಟಾರ್ಮ್ 1975ರಲ್ಲಿ ಬಂದಾಗಿನಿಂದ ಕೀನ್ಯಾದ ತಾಯಿಯ ಮಗಳು, ಕಪ್ಪು ಮೈ, ಬಿಳಿ ಕೂದಲು. 2000ದಲ್ಲಿ ಹ್ಯಾಲಿ ಬೆರಿ, 2016ರಲ್ಲಿ ಅಲೆಕ್ಸಾಂಡ್ರಾ ಶಿಪ್ ಆ ಪಾತ್ರ ಮಾಡಿದಾಗ ಓದುಗರು ಕೇಳಿದ್ದು ನ್ಯಾಯವಾದ ಪ್ರಶ್ನೆ: ಪ್ರತಿ ಸಲವೂ ತೆರೆಯ ಮೇಲೆ ಬಣ್ಣ ಏಕೆ ತಿಳಿಯಾಗುತ್ತದೆ? ನಮ್ಮ ಚಿತ್ರರಂಗಕ್ಕೆ ಆ ಪ್ರಶ್ನೆ ಇನ್ನಷ್ಟು ಗಟ್ಟಿಯಾಗಿ ತಟ್ಟಬೇಕು. ನೀವು ಕಪ್ಪು ನಾಯಕಿಯನ್ನು ಬರೆದು ಬಿಳಿಯ ರೂಪದರ್ಶಿಯನ್ನು ತಂದರೆ, ಅಥವಾ ಆಕೆಗೆ ಕಪ್ಪು ಬಳಿದರೆ, ಆಮೇಲೆ ಯಾವ ಸಮಜಾಯಿಷಿಯೂ ನಿಲ್ಲುವುದಿಲ್ಲ.

ಇನ್ನು ಉಡುಪಿನ ವಿಚಾರ. ದಯವಿಟ್ಟು ನಿರ್ವಾಹಕಿಗೆ ಹೊಳೆಯುವ ಬಿಗಿ ಬಟ್ಟೆ ಹೊಲಿಸಬೇಡಿ. ಖಾಕಿ ಇರಲಿ, ಹೆಗಲಿಗೆ ಅಡ್ಡವಾಗಿ ಚಿಲ್ಲರೆಯ ಚೀಲವಿರಲಿ, ಟಿಕೆಟ್ ಯಂತ್ರವಿರಲಿ. ಚೀಲದ ಪಟ್ಟಿಯನ್ನು ತುಸು ಅಗಲ ಮಾಡಿ ಎರಡು ಕಡೆ ಹೊಲಿಗೆ ಹಾಕಿಸಿ. ಅವಳು ವೇಗವನ್ನು ಎಳೆದುಕೊಳ್ಳುವ ಹೊತ್ತಿಗೆ ಆ ಪಟ್ಟಿ ಬಿಗಿಯಾಗಿ ಭುಜಕ್ಕೆ ಕಚ್ಚಿಕೊಳ್ಳುವುದೂ, ಒಳಗಿನ ನಾಣ್ಯಗಳು ಸದ್ದು ಮಾಡುವುದೂ ಕಂಡರೆ ಗ್ರಾಫಿಕ್ಸ್ ಖರ್ಚು ಅರ್ಧಕ್ಕರ್ಧ ಉಳಿಯುತ್ತದೆ.

ಉತ್ತರ: ಹನುಮಂತನಗರದ ಹಿರಿಯ ಪ್ರೇಕ್ಷಕ

ನೀವೆಲ್ಲ ಅಮೆರಿಕದವರೆಗೆ ಹೋಗಿ ಬಂದಿರಿ. ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಬಂದದ್ದು ಒಂದೇ ಒಂದು ಹಾಡಿನಷ್ಟು ಹೊತ್ತು. ಅವರದು ಪೈಲ್ವಾನರ ಮೈಯಲ್ಲ. ಆದರೂ ಕೋಟೆಯ ಕಿಂಡಿಯ ಬಳಿ ಒನಕೆ ಎತ್ತಿ ನಿಂತ ಆ ಹೆಣ್ಣನ್ನು ಬಿಟ್ಟು ಬೇರೆ ಓಬವ್ವನನ್ನು ನಮ್ಮ ತಲೆಮಾರು ಊಹಿಸಿಕೊಳ್ಳಲಾರದು. ದಿನವೂ ಕುಟ್ಟಿ ಪಳಗಿದ ಕೈಗೆ ಒನಕೆ ಹೊಸ ಆಯುಧವಲ್ಲ ಎಂಬುದು ನೋಡಿದವರಿಗೆ ಹೇಳದೆಯೇ ತಿಳಿಯುತ್ತದೆ. ಮುಂದೆ ಮಾಲಾಶ್ರೀ ‘ಚಾಮುಂಡಿ’, ‘ದುರ್ಗಿ’ ಚಿತ್ರಗಳಲ್ಲಿ ಗೂಂಡಾಗಳನ್ನು ಬಡಿದು ಮಲಗಿಸಿದಾಗ ಚಿತ್ರಮಂದಿರದಲ್ಲಿ ಯಾರೂ ಅವರ ಎತ್ತರ ಅಳೆಯಲಿಲ್ಲ.

ದನಿಯ ಬಗ್ಗೆ ಒಂದು ಮಾತು. ನಾಯಕಿಯರಿಗೆ ಬೇರೆಯವರಿಂದ ಕಂಠದಾನ ಮಾಡಿಸುವ ಪದ್ಧತಿ ನಮ್ಮಲ್ಲಿ ಹಳೆಯದು, ಆ ಕಲಾವಿದೆಯರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಹೊಡೆತ ತಿನ್ನುವಾಗ, ಭಾರ ಎತ್ತುವಾಗ ಹೊರಡುವ ಉಸಿರು ಆ ಮೈಯಿಂದಲೇ ಬರಬೇಕು. ಮೈ ಒಬ್ಬರದು, ಏದುಸಿರು ಇನ್ನೊಬ್ಬರದು ಆದರೆ ಮಹಾಶಕ್ತಿಯ ಕಥೆ ಅಲ್ಲಿಗೇ ಸಡಿಲವಾಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ವಂದನೆಗಳು. ಇನ್ನೊಂದು ಅಳುಕಿದೆ. 2025ರ ಮಲಯಾಳ ಚಿತ್ರ ‘ಲೋಕಾ’ ನಮ್ಮ ಬೆಂಗಳೂರಿನಲ್ಲೇ ನಡೆಯುತ್ತದೆ, ಕಲ್ಯಾಣಿ ಪ್ರಿಯದರ್ಶನ್ ಅದರ ನಾಯಕಿ. ಈಗ ನಾವು ಬೆಂಗಳೂರಿನ ಸೂಪರ್‌ಹೀರೋಯಿನ್ ಎಂದು ಹೊರಟರೆ ಅದರ ನಕಲು ಎನ್ನುವುದಿಲ್ಲವೇ?

ಉತ್ತರ: ಮಲ್ಲೇಶ್ವರದ ಓದುಗ

ಅನ್ನುವವರು ಅಂದುಕೊಳ್ಳಲಿ. ಆ ಚಿತ್ರ ಕಳ್ಳಿಯಂಕಾಟು ನೀಲಿ ಎಂಬ ಕೇರಳದ ಯಕ್ಷಿಯ ಐತಿಹ್ಯವನ್ನು ತೆಗೆದುಕೊಂಡು, ಜನ ಹೆದರುತ್ತಿದ್ದವಳನ್ನು ಕಾಯುವವಳನ್ನಾಗಿ ಮಾಡಿದೆ. ಅವಳು ಈ ಊರಿಗೆ ಹೊರಗಿನಿಂದ ಬಂದವಳು, ನಿಮ್ಮವಳು ಈ ಊರಿನ ಸ್ಟಾಪುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡವಳು. ಇಬ್ಬರೂ ಕಾಣುವ ಬೆಂಗಳೂರು ಬೇರೆಬೇರೆ.

ಆಯ್ಕೆಯ ವಿಷಯದಲ್ಲಿ ರಾಜಾಜಿನಗರದವರು ಬಣ್ಣದ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ನನ್ನ ಮತ ರಂಗಭೂಮಿಯವರಿಗೆ. ಆದರೂ ಗೆಳೆಯನ ಹಟ ಇಳಿಯದಿದ್ದರೆ ಕೋಣೆಯೊಳಗಿನ ಪರೀಕ್ಷೆಯನ್ನು ಬಿಟ್ಟು ಇಬ್ಬರನ್ನೂ ಮೆಜೆಸ್ಟಿಕ್‌ನಿಂದ ಬನಶಂಕರಿಗೆ ಹೋಗುವ ಬಸ್ಸು ಹತ್ತಿಸಿ. ಜನಸಂದಣಿ ಇಲ್ಲದ ಹೊತ್ತು ನೋಡಿಕೊಳ್ಳಿ, ನಿಜವಾದ ನಿರ್ವಾಹಕರ ಕೆಲಸಕ್ಕೆ ಅಡ್ಡಿಯಾಗಬಾರದು. ಚಾಲಕ ಬ್ರೇಕ್ ಹಾಕಿದಾಗ ಕಂಬಿ ಹಿಡಿಯದೆ, ಸೊಂಟವನ್ನು ಸೀಟಿನ ಅಂಚಿಗೆ ಒರಗಿಸಿ, ಎರಡೂ ಕೈಗಳನ್ನು ಕೆಲಸಕ್ಕೆ ಬಿಟ್ಟು ನಿಲ್ಲಬಲ್ಲವರು ಯಾರು ಎಂಬುದನ್ನು ಆ ಗೆಳೆಯನೇ ಹಿಂದಿನ ಸೀಟಿನಲ್ಲಿ ಕೂತು ನೋಡಲಿ.