ಸಿಪಿಆರ್ ಕೊಡುವಾಗ ಮೊಬೈಲ್ ತೆಗೆದರೆ ತಪ್ಪಾ?

ಘಾಟಿ_ಹುಡುಗ
ಎಲ್ಲರಿಗೂ ನಮಸ್ಕಾರ. ಮಲೆನಾಡು ಕಡೆ ಆಂಬುಲೆನ್ಸ್‌ನಲ್ಲಿ ಇಎಂಟಿ (ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ) ಆಗಿ ಸೇರಿ ಏಳು ತಿಂಗಳಾಯಿತು. ಮೊನ್ನೆ ಒಂದು ಮನೆಗೆ ಹೋದಾಗ ಅಜ್ಜನಿಗೆ ನಾಡಿ ಸಿಗಲಿಲ್ಲ, ಸಿಪಿಆರ್ (ನಿಂತ ಹೃದಯಕ್ಕೆ ಎದೆ ಒತ್ತುವುದು) ಶುರು ಮಾಡಿದೆ. ವೇಗ ತಪ್ಪಬಾರದು ಅಂತ ಮಧ್ಯೆ ಮೊಬೈಲ್ ತೆಗೆದು ತಾಳಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಆ್ಯಪ್ ಹಾಕೋಕೆ ಹೋದೆ. ಗ್ಲೌಸ್ ಹಾಕಿದ ಬೆರಳಿಗೆ ಲಾಕೇ ತೆಗೆಯಲಿಲ್ಲ, ಅಷ್ಟರಲ್ಲಿ ಹಿಂದಿನಿಂದ ಯಾರೋ "ಇಲ್ಲಿ ಜೀವ ಹೋಗ್ತಿದೆ, ಇವ್ನು ಮೊಬೈಲ್ ನೋಡ್ತಾನೆ" ಅಂದರು. ಅಜ್ಜ ಉಳಿಯಲಿಲ್ಲ. ಆ ಮಾತು ಇನ್ನೂ ಕಿವಿಯಲ್ಲೇ ಇದೆ. ಮೊಬೈಲ್, ಸ್ಮಾರ್ಟ್‌ವಾಚ್, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಅಂಗಡಿಯ ಆಕ್ಸಿಮೀಟರ್ ಇವನ್ನೆಲ್ಲ ನೀವು ಕೆಲಸದಲ್ಲಿ ಎಷ್ಟು ನೆಚ್ಚಿಕೊಳ್ಳುತ್ತೀರಿ?

ಹಳೇ_ಸ್ಟ್ರೆಚರ್
ತಮ್ಮಾ, ಆ್ಯಪ್ ಹಾಕಿದ್ದು ತಪ್ಪಲ್ಲ, ಹಾಕಿದ ಹೊತ್ತು ತಪ್ಪು. ಪ್ರಜ್ಞೆ ಇಲ್ಲ ಅಂತ ಕರೆ ಬಂದರೆ ಗಾಡಿಯಲ್ಲಿ ಹೋಗುವಾಗಲೇ 110ಕ್ಕೆ ಇಟ್ಟು, ಸೌಂಡ್ ಜೋರು ಮಾಡಿ ಜೇಬಿಗೆ ಹಾಕಿಕೊ. ಟಿಕ್ ಟಿಕ್ ಕೇಳುತ್ತದೆ, ಮೊಬೈಲ್ ಯಾರಿಗೂ ಕಾಣುವುದಿಲ್ಲ. ನಿಮಿಷಕ್ಕೆ 100ರಿಂದ 120 ಅಂತ ಬಾಯಿಪಾಠ ಇದ್ದರೂ ಗಾಬರಿಯಲ್ಲಿ ಕೈ 140ಕ್ಕೆ ಓಡುತ್ತದೆ, ಎದೆ ಪೂರ್ತಿ ಮೇಲೆ ಬರೋಕೇ ಬಿಡುವುದಿಲ್ಲ. ಆ್ಯಪ್ ಇಲ್ಲದಿದ್ದರೆ ಪಕ್ಕದವನಿಗೆ ವಾಚ್ ನೋಡಲು ಹೇಳು, 30 ಸಲ ಒತ್ತುವುದು 15ರಿಂದ 18 ಸೆಕೆಂಡಿನಲ್ಲಿ ಮುಗಿಯಬೇಕು. ನನ್ನದು ಕೀ ಕೊಡುವ ಎಚ್‌ಎಂಟಿ, ಚಾರ್ಜೂ ಬೇಡ.

ಟ್ರೈನರ್_ಅಕ್ಕ
ಮೊಬೈಲ್ ಜಾಸ್ತಿ ಉಪಯೋಗಕ್ಕೆ ಬರುವುದು ಕಲಿಯುವಾಗ. ನೆಲದ ಮೇಲೆ ನೀರಿನ ಬಾಟಲಿಗೆ ಒರಗಿಸಿಟ್ಟು ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿ. ಮೇಲಿಂದ ತೆಗೆದರೆ ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮೊಣಕೈ ಮಡಚುವುದು, ಕೈ ಎದೆ ಮೇಲೆ ಭಾರ ಬಿಟ್ಟುಕೊಂಡೇ ಇರುವುದು ಎಲ್ಲ ಸಿಕ್ಕಿಬೀಳುತ್ತದೆ. ನನ್ನ ಹತ್ತಿರ ವಾದ ಮಾಡುವ ಹುಡುಗರು ತಮ್ಮದೇ ವಿಡಿಯೊ ನೋಡಿ ತೆಪ್ಪಗಾಗುತ್ತಾರೆ.

ಆಕ್ಸಿಮೀಟರ್ ವಿಷಯ: ಉಗುರುಬಣ್ಣ, ದಟ್ಟ ಮೆಹಂದಿ, ತಣ್ಣಗಾದ ಕೈ ಇದ್ದರೆ ಅಂಕಿ ನಂಬಬೇಡಿ. ಅದು ತೋರಿಸುವ ನಾಡಿ ನಿಮ್ಮ ಬೆರಳಿಗೆ ಸಿಕ್ಕ ನಾಡಿಗೆ ಹೊಂದದಿದ್ದರೆ ಆಮ್ಲಜನಕದ ಅಂಕಿಯೂ ಅಷ್ಟಕ್ಕಷ್ಟೇ. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್, ಮುಚ್ಚಿದ ಕೋಣೆಯಲ್ಲಿ ಕೆಂಡ ಇಂಥ ಕೇಸಿನಲ್ಲಂತೂ 98 ತೋರಿಸಿದರೂ ಸಮಾಧಾನ ಪಡಬೇಡಿ, ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ಅಂತಲೇ ಲೆಕ್ಕ ಹಾಕುತ್ತದೆ. ರೋಗಿಯನ್ನು ಹೊರಗೆ ತನ್ನಿ, ಆಕ್ಸಿಜನ್ ಹಚ್ಚಿ.

ವಾಚ್‌ನ ಇಸಿಜಿ ಒಂದೇ ಲೀಡ್, ಅಂದರೆ ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ. ಹೃದಯಾಘಾತ ಹುಡುಕುವುದಿಲ್ಲ ಅಂತ ಆ್ಯಪಲ್ ವಾಚೇ ಹೇಳುತ್ತದೆ, ಆದರೂ "ವಾಚಲ್ಲಿ ನಾರ್ಮಲ್ ಇದೆ ಮೇಡಂ" ಅಂತ ಎದೆ ಹಿಡಿದುಕೊಂಡು ಕೂತವರನ್ನು ನೋಡಿದ್ದೇನೆ. 12 ಲೀಡ್ ಇಸಿಜಿ ತೆಗೆಯಲೇಬೇಕು. ಆ ಪ್ರಿಂಟನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ತಜ್ಞರು ನೋಡಬಹುದು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ವೈದ್ಯರ ಜೊತೆ ಮಾಡಿದ್ದು ಇದನ್ನೇ. ಹೆಸರು ಮಾತ್ರ ಮುಚ್ಚಿ ಫೋಟೊ ತೆಗೆಯಿರಿ.

ಪೈಲಟ್_ಎರಡನೇ_ಗೇರ್
ನನ್ನದು ಡ್ರೈವರ್ ಸೀಟಿನ ಮಾತು. ಘಾಟಿಯಲ್ಲಿ ನೆಟ್‌ವರ್ಕ್ ಹೋದರೂ ಜಿಪಿಎಸ್ ಹೋಗುವುದಿಲ್ಲ, ನಕ್ಷೆ ಮಾತ್ರ ಮೊದಲೇ ಡೌನ್‌ಲೋಡ್ ಆಗಿರಬೇಕು. ಆದರೆ ತೋಟದೊಳಗಿನ ಮನೆಗೆ ಮ್ಯಾಪ್ ನಂಬಿ ಹೋದರೆ ಹಳ್ಳದ ಆಚೆ ದಡದಲ್ಲಿ ನಿಲ್ಲಿಸುತ್ತದೆ ಮಾರಾಯ್ರೆ! ಕರೆ ಮಾಡಿದವರಿಗೆ "ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಬನ್ನಿ" ಅಂತ ಹೇಳಿಬಿಡಿ.

ಘಾಟಿ_ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ದಿಂಬಿನ ಮೇಲೆ ಒತ್ತಿ ನೋಡಿದೆ, 30ಕ್ಕೆ 13 ಸೆಕೆಂಡು. ಹಳೇ ಸ್ಟ್ರೆಚರ್ ಅಣ್ಣ ಹೇಳಿದ 140 ನಾನೇ. ವಿಡಿಯೊ ನಾಳೆ ಹಾಕುತ್ತೇನೆ ಅಕ್ಕ, ಸ್ವಲ್ಪ ಮೆಲ್ಲಗೆ ಬೈಯಿರಿ.