ಅಪ್‌ಡೇಟ್: ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದ ನನ್ನ ಅಕ್ಕ

ಹೆರಾಯಿನ್ ಚಟಕ್ಕೆ ಬಿದ್ದು ಮನೆ ಬಿಟ್ಟ ಅಕ್ಕ ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದಾಳೆ, ಏನು ಮಾಡಲಿ ಎಂದು ಮಳೆಗಾಲದಲ್ಲಿ ಕೇಳಿದ್ದೆ. ನೀವು ಹೇಳಿದಂತೆ 14446ಕ್ಕೆ ಫೋನ್ ಮಾಡಿದೆ. ಚಟ ಬಿಡಿಸಲು ಸರ್ಕಾರ ನಡೆಸುವ ಉಚಿತ ಸಹಾಯವಾಣಿ ಅದು.

ಬೈಯದೆ ಹೋಗಿ ಅವಳ ಪಕ್ಕ ಕುಳಿತೆ. ಬಿಸಿ ಕಾಫಿ ಕೊಟ್ಟೆ. ಮೂರನೇ ದಿನ "ನಂಗೂ ಸಾಕಾಗಿದೆ ಕಣೇ" ಅಂದಳು. ರಾತ್ರಿ ಯಾರು ಹತ್ತಿರ ಬರುತ್ತಾರೋ ಎಂಬ ಭಯ ಮರೆಯಲು ಇನ್ನೂ ಜಾಸ್ತಿ ತೆಗೆದುಕೊಳ್ಳುತ್ತಿದ್ದಳಂತೆ. ಅವಳನ್ನು ದೂರುವಾಗ ನಾವ್ಯಾರೂ ಇದನ್ನು ಯೋಚಿಸಿರಲೇ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟರು. ಹೆರಾಯಿನ್ ಬಿಟ್ಟಾಗ ಬರುವ ಮೈಕೈ ನೋವು, ಚಡಪಡಿಕೆ ಇಳಿಯಿತು. ಡಾಕ್ಟರ್ ಹೇಳಿದ ಒಂದು ಮಾತು ಎಲ್ಲರಿಗೂ ಗೊತ್ತಿರಲಿ. ಸ್ವಲ್ಪ ದಿನ ಬಿಟ್ಟು ಮತ್ತೆ ಹಳೇ ಪ್ರಮಾಣದಲ್ಲೇ ಹೆರಾಯಿನ್ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ದೇಹಕ್ಕೆ ಆ ಅಭ್ಯಾಸ ತಪ್ಪಿರುತ್ತದೆ, ಅಲ್ವಾ?

ಮಧ್ಯೆ ಒಮ್ಮೆ ಜಾರಿ ಮತ್ತೆ ಹೆರಾಯಿನ್ ತೆಗೆದುಕೊಂಡಳು. ಮರುದಿನ ತಾನೇ ಬಾಯಿಬಿಟ್ಟಳು. ಮತ್ತೆ ಡಾಕ್ಟರ್ ಹತ್ತಿರ ಹೋದೆವು. ಮಡಿಕೇರಿಯಲ್ಲಿ ಬಾಡಿಗೆ ಮನೆ ಕೇಳಿದರೆ, ಹಳೇ ವಿಷಯ ತಿಳಿದು ಇಬ್ಬರು ಕೊಡಲಿಲ್ಲ. ಸದ್ಯ ನನ್ನ ಜೊತೆಗೇ ಇದ್ದಾಳೆ. ಈ ವಾರದಿಂದ ಕಾಫಿ ಕೊಯ್ಲಿಗೆ ಹೋಗುತ್ತಿದ್ದಾಳೆ.