ಬ್ರೇಕ್ ಒತ್ತಿದರೆ ಇಂಜಿನ್ ಆಫ್, ಡಿಗೆ ಹಾಕಿದರೆ ಧಡ್: ಗೇರ್‌ಬಾಕ್ಸ್ ಇಳಿಸಲೇಬೇಕಾ?

ಕೆಸರುಗಾಲಿ:

ಎಲ್ಲರಿಗೂ ನಮಸ್ಕಾರ. ನನ್ನದು 1994ರ ಫೋರ್ ವೀಲ್ ಡ್ರೈವ್. ಆರು ಸಿಲಿಂಡರ್ ಪೆಟ್ರೋಲ್ ಇಂಜೆಕ್ಷನ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಮುಂದಿನ ಚಕ್ರಗಳನ್ನು ಬೇಕಾದಾಗ ಮಾತ್ರ ಲಿವರ್ ಎಳೆದು ಸೇರಿಸಿಕೊಳ್ಳುವ ಗಾಡಿ. ಹನ್ನೊಂದು ವರ್ಷದಿಂದ ಓಡಿಸುತ್ತಿದ್ದೇನೆ. ಒಂದು ದಿನ ಕೈಕೊಟ್ಟಿರಲಿಲ್ಲ.

ಮೂರು ತಿಂಗಳ ಹಿಂದೆ ಐಡಲಿಂಗ್ (ಪೆಡಲ್‌ನಿಂದ ಕಾಲು ತೆಗೆದಾಗ ಇಂಜಿನ್ ಓಡುವ ವೇಗ) 500 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 500 ಸುತ್ತಿಗೆ ಇಳಿದು ಸ್ಟೀರಿಂಗ್ ನಡುಗಲು ಶುರುವಾಯಿತು. ಮೆಕ್ಯಾನಿಕ್ ಹತ್ತಿರ ಹೋದೆ. ಬಾನೆಟ್ ಎತ್ತಿ, ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಹತ್ತಿರ ಒಂದು ಸ್ಕ್ರೂ ತಿರುಗಿಸಿದರು. ಎರಡೇ ನಿಮಿಷ. ನಡುಕ ನಿಂತಿತು, ನಾನೂ ಖುಷಿಯಾಗಿ ಬಂದೆ. ಆಮೇಲೆ ನೋಡಿ ಆಟ. ಇಂಜಿನ್ ಬಿಸಿಯಾದರೆ ಆರ್‌ಪಿಎಂ ಸೂಜಿ 900ಕ್ಕೂ 1500ಕ್ಕೂ ನಡುವೆ ಉಯ್ಯಾಲೆ ಆಡುತ್ತದೆ. ಡಿಗೆ (ಮುಂದೆ ಹೋಗುವ ಡ್ರೈವ್) ಹಾಕಿದರೆ ಕೆಳಗಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಧಡ್ ಅನ್ನುತ್ತದೆ. ಎರಡರಿಂದ ಮೂರಕ್ಕೆ ಗೇರ್ ಬೀಳುವುದು ತಡ. ಎಲ್ಲಕ್ಕಿಂತ ಹೆದರಿಕೆ ಇದು: ಬ್ರೇಕ್ ಒತ್ತಿ ನಿಲ್ಲಿಸುವಾಗ ಇಂಜಿನ್ ಸತ್ತೇ ಹೋಗುತ್ತದೆ. ಯಾವಾಗಲೂ ಅಲ್ಲ, ಹತ್ತರಲ್ಲಿ ಮೂರು ಸಲ.

ಈಗ ಅದೇ ಮೆಕ್ಯಾನಿಕ್, ಗೇರ್‌ಬಾಕ್ಸ್ ಇಳಿಸಿ ಬಿಚ್ಚಲೇಬೇಕು ಅನ್ನುತ್ತಿದ್ದಾರೆ. ಬಿಚ್ಚಿಸಲಾ?

ನಾಲ್ಕುಗಾಲಿ:

ಮೊದಲು ಗೇರ್‌ಬಾಕ್ಸ್ ಆಯಿಲ್ ನೋಡಿ ಸರ್. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಬಿಸಿಯಾಗಿರಲಿ, ಇಂಜಿನ್ ಓಡುತ್ತಿರಲಿ. ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ. ಕೆಂಪಗಿದ್ದರೆ ಒಳ್ಳೆಯದು. ಕಂದು ಬಣ್ಣ, ಸುಟ್ಟ ವಾಸನೆ ಇದ್ದರೆ ಕ್ಲಚ್ ಪ್ಲೇಟ್ ಸವೆದಿರಬಹುದು. ಗುಲಾಬಿ ಹಾಲಿನ ಥರ ಇದ್ದರೆ ಗಾಡಿ ಓಡಿಸಲೇಬೇಡಿ. ಒಳಗೆ ನೀರು ಸೇರಿದೆ ಎಂದರ್ಥ. ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ಸೀಳಿದ್ದರೂ ಹಾಗಾಗುತ್ತದೆ. ಹಳ್ಳ ದಾಟುವಾಗ ಗೇರ್‌ಬಾಕ್ಸ್ ಉಸಿರಾಡುವ ಬ್ರೀದರ್ ಪೈಪಿನಿಂದ ನೀರು ಎಳೆದುಕೊಂಡಿದ್ದರೂ ಹಾಗೇ.

ಹಳೇಸ್ಪಾನರ್:

ಬಿಚ್ಚಿಸಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ.

ನಾನು ಮೂವತ್ತು ವರ್ಷ ಇಂಥ ಗಾಡಿಗಳ ಕೆಳಗೆ ಮಲಗಿದವನು. ನಿಮ್ಮ ಬರಹದಲ್ಲಿ ನನಗೆ ಮೊದಲು ಕಂಡಿದ್ದು ಆ ಸ್ಕ್ರೂ. ಅದು ಐಡಲಿಂಗ್ ಸ್ಕ್ರೂ ಅಲ್ಲ, ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚಿ ಸಿಕ್ಕಿಕೊಳ್ಳದಿರಲಿ ಎಂದು ಇಟ್ಟ ತಡೆ. ಕಂಪನಿಯಲ್ಲಿ ಒಮ್ಮೆ ಕೂರಿಸಿದ ಮೇಲೆ ಯಾರೂ ಮುಟ್ಟಬಾರದು. ಐಡಲಿಂಗ್ ನೋಡಿಕೊಳ್ಳುವುದು ಪಕ್ಕದಲ್ಲಿರುವ ಐಡಲ್ ಕಂಟ್ರೋಲ್ ವಾಲ್ವ್. ಅದರ ಗಾಳಿ ದಾರಿಗೆ ಮಸಿ ಕಟ್ಟಿತ್ತು, ಅದಕ್ಕೇ 500ಕ್ಕೆ ಇಳಿದಿದ್ದು. ಕಾರ್ಬ್ಯುರೇಟರ್ ಗಾಡಿಯಲ್ಲಿ ಕೈ ಪಳಗಿದವರಿಗೆ ಸ್ಕ್ರೂ ಕಂಡರೆ ಬೆರಳು ತುರಿಸುತ್ತದೆ, ಏನು ಮಾಡೋಣ.

ಈಗ ತಟ್ಟೆ ಸ್ವಲ್ಪ ತೆರೆದೇ ಇದೆ. ಗಾಳಿ ಜಾಸ್ತಿ ಹೋಗಿ ಆರ್‌ಪಿಎಂ ಏರುತ್ತದೆ. ಪೆಡಲ್ ಮೇಲೆ ಕಾಲಿಲ್ಲ, ಆರ್‌ಪಿಎಂ ಮಾತ್ರ ಜಾಸ್ತಿ. ಗಾಡಿ ಇಳಿಜಾರಿನಲ್ಲಿ ಇಳಿಯುತ್ತಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ಆರ್‌ಪಿಎಂ ಬೀಳುತ್ತದೆ. ಮತ್ತೆ ಪೆಟ್ರೋಲ್, ಮತ್ತೆ ಏರುತ್ತದೆ. ನಿಮ್ಮ ಉಯ್ಯಾಲೆ ಇದೇ. ಡಿಗೆ ಹಾಕಬೇಕಾದದ್ದು ಸುಮಾರು 700ರಲ್ಲಿ. ನೀವು 1500ರಲ್ಲಿ ಹಾಕಿದರೆ ಗಟ್ಟಿಯಾಗಿ ಕಚ್ಚದೆ ಇನ್ನೇನು ಮಾಡುತ್ತದೆ ಪಾಪ?

ಇನ್ನೊಂದು. ಆ ಕಾಲದ ಬಹಳ ಗೇರ್‌ಬಾಕ್ಸ್‌ಗಳಿಗೆ ಥ್ರಾಟಲ್‌ನಿಂದ ಒಂದು ಕೇಬಲ್ ಹೋಗುತ್ತದೆ. ಕಾಲು ಎಷ್ಟು ಒತ್ತಿದೆ ಎಂದು ಗೇರ್‌ಬಾಕ್ಸ್‌ಗೆ ಹೇಳುವುದು ಅದೇ. ಕೇಬಲ್ ಬಿಗಿಯಾದಷ್ಟೂ ಒಳಗೆ ಆಯಿಲ್ ಪ್ರೆಷರ್ ಜಾಸ್ತಿ, ಗೇರ್ ತಡ ಮತ್ತು ಒರಟು. ಸಡಿಲವಾದರೆ ಗೇರ್ ಬೇಗ ಬೀಳುತ್ತದೆ, ಆದರೆ ಪ್ಲೇಟ್ ಜಾರಿ ಸುಡುತ್ತದೆ. ಸ್ಕ್ರೂ ತಿರುಗಿಸಿದಾಗ ನಿಮ್ಮ ಕೇಬಲ್ ಕೂಡ ಎಳೆದಂತಾಗಿದೆ. ಒಂದು ಸ್ಕ್ರೂ, ಮೂರು ಕಾಯಿಲೆ.

ಬ್ರೇಕ್ ಒತ್ತಿದಾಗ ಸಾಯುವುದು ಬೇರೆ ಕಥೆ ಅನ್ನಿಸುತ್ತದೆ. ಒಂದು ಪರೀಕ್ಷೆ ಮಾಡಿ. ಗಾಡಿ ನಿಂತಿರಲಿ, ಪಿಯಲ್ಲಿರಲಿ (ಪಾರ್ಕಿಂಗ್), ಇಂಜಿನ್ ಓಡಲಿ. ಬ್ರೇಕ್ ಒತ್ತಿ ಹಿಡಿಯಿರಿ. ಏನಾಯಿತು ಬರೆಯಿರಿ.

ಲೋರೇಂಜ್:

ಇದು ಲಾಕಪ್ ಇರಬಹುದಾ? ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ, ಎರಡನ್ನೂ ನೇರ ಸೇರಿಸುವ ಲಾಕಪ್ ಕ್ಲಚ್ ಬಿಡದೆ ಸಿಕ್ಕಿಕೊಂಡರೆ, ಮ್ಯಾನುಯಲ್ ಗಾಡಿಯಲ್ಲಿ ಕ್ಲಚ್ ಒತ್ತದೆ ನಿಲ್ಲಿಸಿದ ಹಾಗೆ ಇಂಜಿನ್ ಆಫ್ ಆಗುತ್ತದೆ. ನನ್ನ ಗಾಡಿಯಲ್ಲಿ ಆಗಿದ್ದು ಅದೇ. ಅದನ್ನು ಕರೆಂಟಿನಿಂದ ನಡೆಸುವ ವಾಲ್ವ್, ಸೊಲೆನಾಯ್ಡ್, ಕೆಟ್ಟಿತ್ತು.

ಹಳೇಸ್ಪಾನರ್:

ಇರಬಹುದು, ಅದಕ್ಕೇ ಪಿಯಲ್ಲಿ ಬ್ರೇಕ್ ಒತ್ತಿ ಎಂದಿದ್ದು. ಚಕ್ರಕ್ಕೂ ಇಂಜಿನ್‌ಗೂ ಅಲ್ಲಿ ಸಂಬಂಧವೇ ಇರುವುದಿಲ್ಲ. ಆಗಲೂ ಆರ್‌ಪಿಎಂ ಬಿದ್ದರೆ ಲಾಕಪ್ ಅಲ್ಲ, ಬ್ರೇಕ್ ಬೂಸ್ಟರ್ (ಇಂಜಿನ್ ವ್ಯಾಕ್ಯೂಮ್‌ನಿಂದ ಪೆಡಲ್ ಹಗುರ ಮಾಡುವ ಡಬ್ಬಿ).

ಕೆಸರುಗಾಲಿ:

ಮಾಡಿದೆ. ಬ್ರೇಕ್ ಒತ್ತಿದ ತಕ್ಷಣ ಪೆಡಲ್ ಹಿಂದಿನಿಂದ ಉಸ್ಸ್ ಎಂದು ಸದ್ದು. ಸೂಜಿ ಒಂದೇ ಸಲ ಬಿತ್ತು, ಇಂಜಿನ್ ಬಿಕ್ಕಳಿಸಿತು. ಕಾಲು ತೆಗೆದರೆ ಮತ್ತೆ ಉಯ್ಯಾಲೆ. ಐದು ಸಲ ಮಾಡಿದೆ, ಐದೂ ಸಲ ಅದೇ. ಮೂರು ತಿಂಗಳು ಆ ಉಸ್ಸ್ ನನ್ನ ಕಿವಿಗೆ ಬಿದ್ದೇ ಇರಲಿಲ್ಲ! ಯಾವಾಗಲೂ ರೇಡಿಯೋ ಹಾಕಿರುತ್ತಿದ್ದೆ.

ಆಯಿಲ್ ಕೆಂಪು ಹೋಗಿ ತಿಳಿ ಕಂದು ಆಗಿದೆ. ಸುಟ್ಟ ವಾಸನೆ ಇಲ್ಲ.

ಹಳೇಸ್ಪಾನರ್:

ಹಾಗಾದರೆ ಬೂಸ್ಟರ್ ಒಳಗಿನ ರಬ್ಬರ್ ಪರದೆ, ಡಯಾಫ್ರಮ್, ಹರಿದಿದೆ. ಪೆಡಲ್ ಒತ್ತದಿದ್ದಾಗ ಅದರ ಎರಡೂ ಕಡೆ ವ್ಯಾಕ್ಯೂಮ್ ಇರುತ್ತದೆ, ತೂತಿದ್ದರೂ ಗೊತ್ತಾಗುವುದಿಲ್ಲ. ಒತ್ತಿದಾಗ ಒಂದು ಕಡೆ ಹೊರಗಿನ ಗಾಳಿ ನುಗ್ಗುತ್ತದೆ. ಅದು ತೂತಿನಿಂದ ನುಸುಳಿ ನೇರ ಇಂಜಿನ್‌ಗೆ ಹೋಗುತ್ತದೆ. ಅಳತೆಗೆ ಸಿಗದ ಗಾಳಿ. ಅದಕ್ಕೆ ತಕ್ಕ ಪೆಟ್ರೋಲ್ ಇಲ್ಲದೆ ಇಂಜಿನ್ ಸಾಯುತ್ತದೆ.

ಖಾತ್ರಿ ಬೇಕಾದರೆ ಬೂಸ್ಟರ್‌ಗೆ ಹೋಗುವ ದಪ್ಪ ಹೋಸನ್ನು ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಸುಕಿ ಹಿಡಿಯಿರಿ, ಇನ್ನೊಬ್ಬರು ಬ್ರೇಕ್ ಒತ್ತಲಿ. ಆರ್‌ಪಿಎಂ ಬೀಳದಿದ್ದರೆ ಮುಗಿಯಿತು. ಇದು ನಿಂತ ಗಾಡಿಯಲ್ಲಿ ಮಾತ್ರ, ಹಿಸುಕಿಕೊಂಡು ಓಡಿಸಲು ಹೋಗಬೇಡಿ. ಬ್ರೇಕ್ ಕಲ್ಲಾಗುತ್ತದೆ. ಬೂಸ್ಟರ್ ಬದಲಾಗುವ ತನಕ ಗಾಡಿ ತೆಗೆಯದಿದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಐಡಲ್ ವಾಲ್ವ್ ಬಿಚ್ಚಿ ಮಸಿ ತೊಳೆಯಿರಿ, ಸ್ಕ್ರೂ ಹಿಂದಕ್ಕೆ ತನ್ನಿ, ಕೊನೆಗೆ ಕೇಬಲ್. ಈ ಕ್ರಮ ತಪ್ಪಿಸಬೇಡಿ. ಥ್ರಾಟಲ್ ಸರಿಯಾಗುವ ಮೊದಲು ಕೇಬಲ್ ಅಡ್ಜಸ್ಟ್ ಮಾಡಿದರೆ ಎರಡು ಸಲ ಮಾಡಬೇಕಾಗುತ್ತದೆ.

ಕೆಸರುಗಾಲಿ:

ಎರಡು ವಾರವಾಯಿತು, ವರದಿ ಒಪ್ಪಿಸುತ್ತಿದ್ದೇನೆ. ಹೋಸ್ ಹಿಸುಕಿದರೆ ಆರ್‌ಪಿಎಂ ಅಲ್ಲಾಡಲಿಲ್ಲ. ಬೂಸ್ಟರ್ ಹೊಸದು ಹಾಕಿಸಿದೆ. ವಾಲ್ವ್ ಒಳಗೆ ಬೆರಳಲ್ಲಿ ಕೆರೆಯುವಷ್ಟು ಮಸಿ ಇತ್ತು. ಸ್ಕ್ರೂ ಸರಿ ಮಾಡಿದ ಮೇಲೆ ಸೂಜಿ 700ರಲ್ಲಿ ನಿಂತಿತು. ಸುಮ್ನೆ ಐದು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ. ಇಂಜಿನ್ ಒಮ್ಮೆಯೂ ಆಫ್ ಆಗಿಲ್ಲ. ಕೇಬಲ್ ಸರಿಯಾದ ಮೇಲೆ ಮೂರನೇ ಗೇರ್ ಹೊತ್ತಿಗೆ ಸರಿಯಾಗಿ ಬೀಳುತ್ತಿದೆ.

ಆದರೆ ಡಿಗೆ ಹಾಕಿದಾಗ ಧಡ್ ಇನ್ನೂ ಇದೆ. ಅರ್ಧಕ್ಕರ್ಧ ಕಡಿಮೆ, ಆದರೂ ಇದೆ.

ಹಳೇಸ್ಪಾನರ್:

ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಲಿವರನ್ನು ನ್ಯೂಟ್ರಲ್‌ಗೆ ತನ್ನಿ. ಕಲ್ಲು ಮರೆಯಬೇಡಿ, ಯಾಕೆಂದರೆ ಆಗ ಗಾಡಿಯನ್ನು ಪಿ ಹಿಡಿದಿಡುವುದಿಲ್ಲ. ಇದು ಗೊತ್ತಿಲ್ಲದೆ ಗಾಡಿ ಉರುಳಿಸಿಕೊಂಡವರಿದ್ದಾರೆ. ಈಗ ಡಿಗೆ ಹಾಕಿ. ಧಡ್ ಬಂದರೆ ಗೇರ್‌ಬಾಕ್ಸ್ ಕಡೆ ನೋಡಬೇಕು. ಬರದಿದ್ದರೆ ಅದರ ಹಿಂದೆ ಹುಡುಕಿ: ಚಕ್ರದ ಕಡೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಕೀಲು), ಜಾರುವ ಸ್ಪ್ಲೈನ್ (ಹಲ್ಲಿನ ಜೋಡಣೆ), ಡಿಫರೆನ್ಶಿಯಲ್ (ಎಡ ಬಲ ಚಕ್ರಕ್ಕೆ ಹಂಚುವ ಗೇರುಗಳು).

ಕೆಸರುಗಾಲಿ:

ಧಡ್ ಬರಲಿಲ್ಲ ಗುರುಗಳೇ! ಇಂಜಿನ್ ಆಫ್ ಮಾಡಿ ಕೆಳಗೆ ನುಗ್ಗಿ ಹಿಂದಿನ ಶಾಫ್ಟ್ ಹಿಡಿದು ತಿರುಚಿದೆ. ಕ್ರಾಸ್ ಟಕ್ ಟಕ್ ಅನ್ನುತ್ತದೆ, ಕಪ್ ಸುತ್ತ ತುಕ್ಕಿನ ಪುಡಿ. ಗ್ರೀಸ್ ಹೊಡೆದು ಎಷ್ಟು ವರ್ಷವಾಯಿತೋ. ತಪ್ಪು ನನ್ನದೇ. ಹೊಸ ಕ್ರಾಸ್ ನಾಳೆ ಬರುತ್ತದೆ.

ಒಂದು ಉಳಿಯಿತು. 70ರ ವೇಗದಲ್ಲಿ ಸಣ್ಣ ನಡುಕ, ಉಬ್ಬುತಗ್ಗಿನ ಮೇಲೆ ಹೋದ ಹಾಗೆ. ಇದೂ ಕ್ರಾಸ್‌ದೇ ಇರಬಹುದಾ?

ಲೋರೇಂಜ್:

ಈಗಲಾದರೂ ನನ್ನ ಲಾಕಪ್‌ಗೆ ಒಂದು ಅವಕಾಶ ಕೊಡಿ! ನಡುಕ ಬಂದಾಗ ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಲ್ಲಿ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಖಾಲಿ ರಸ್ತೆಯಲ್ಲಿ ಮಾತ್ರ. ಬ್ರೇಕ್ ಸ್ವಿಚ್ ಸಿಗ್ನಲ್ ಹೋದರೆ ಲಾಕಪ್ ಬಿಡುತ್ತದೆ. ಆ ಕ್ಷಣ ನಡುಕ ನಿಂತರೆ ಲಾಕಪ್, ನಿಲ್ಲದಿದ್ದರೆ ಕ್ರಾಸ್ ಅಥವಾ ಟೈರ್.

ಹಳೇಸ್ಪಾನರ್:

ಸರಿಯಾದ ಮಾತು. ಲಾಕಪ್ ಎಂದಾದರೂ ಗೇರ್‌ಬಾಕ್ಸ್ ಇಳಿಸಬೇಡಿ. ಮೊದಲು ಆಯಿಲ್ ಬದಲಿಸಿ. ಪ್ಯಾನ್‌ನಿಂದ ಇಳಿಸಿದರೆ ಅರ್ಧವೂ ಬರುವುದಿಲ್ಲ, ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತದೆ. ಹಾಗಾಗಿ ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಇಳಿಸಿ. ಪ್ಯಾನ್ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್ ಕಂಡರೆ ಗಾಬರಿ ಬೇಡ, ಅದು ಸಹಜ ಸವೆತ. ಲೋಹದ ಚೂರು ಕಂಡರೆ ಫೋಟೋ ಹಾಕಿ.

ಕೆಸರುಗಾಲಿ:

ಭಾನುವಾರ ಕ್ರಾಸ್ ಹಾಕಿ, ಎಡಗಾಲಿನ ಪರೀಕ್ಷೆ ಮಾಡಿ ಬರೆಯುತ್ತೇನೆ. ಮೆಕ್ಯಾನಿಕ್ ಫೋನ್ ಮಾಡಿ, ಯಾವಾಗ ಬಿಡ್ತೀರಿ ಗಾಡಿ ಎಂದು ಕೇಳಿದರು. ಇನ್ನೂ ಯೋಚನೆ ಮಾಡ್ತಿದ್ದೀನಿ ಅಂದೆ.